ಫಲಕವಿಲ್ಲದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ಕೊಂಡು ನೋಡು ಎಂದು ಅವರು ಹೇಳಲಿಲ್ಲ. ಅವರ ಕಾಲದಲ್ಲಿ ಮನೆಯನ್ನು ಕೊಳ್ಳುವವರೂ ಕಡಿಮೆ, ಮಾರುವವರಂತೂ ಇನ್ನೂ ಕಡಿಮೆ. ಹುಟ್ಟಿ ಬೆಳೆದ ಮನೆಯನ್ನು ಮಾರಿದರೆ ಮನೆತನವೇ ಮುಳುಗಿತೆಂದು ಊರು ಆಡಿಕೊಳ್ಳುತ್ತಿದ್ದ ದಿನಗಳವು. ಕಾಲ ಬದಲಾಗಿದೆ; ಆ ಸಂಕೋಚ ಮಾತ್ರ ಪೂರ್ತಿಯಾಗಿ ಅಳಿದಿಲ್ಲ. ಆದುದರಿಂದಲೇ ಇಂದಿಗೂ ಎಷ್ಟೋ ಮನೆಗಳು ಪತ್ರಿಕೆಯಲ್ಲಿ ಜಾಹೀರಾತಿಲ್ಲದೆ, ಬಾಗಿಲಿನ ಮೇಲೆ ‘ಮಾರಾಟಕ್ಕಿದೆ’ ಎಂಬ ಫಲಕವಿಲ್ಲದೆ, ಕಿವಿಯಿಂದ ಕಿವಿಗೆ ಸಾಗುವ ಪಿಸುಮಾತಿನ ಬಲದಿಂದಲೇ ಕೈ ಬದಲಾಯಿಸುತ್ತವೆ.

ದಾವಣಗೆರೆಯಂಥ ಊರಿನಲ್ಲಿ ಈ ಪಿಸುಮಾತಿಗೆ ಕಾರಣಗಳೂ ಉಂಟು, ಹಾದಿಗಳೂ ಉಂಟು. ಹತ್ತಿ ಗಿರಣಿಗಳ ವೈಭವದ ದಿನಗಳಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿದು. ಇಲ್ಲಿಂದ ಸುಮಾರು 14 ಕಿಲೋಮೀಟರು ದೂರದ ಹರಿಹರದಲ್ಲಿ, ತುಂಗಭದ್ರೆಯ ದಡದ ಮೇಲೆ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನೆಲೆಯೂರಿತು. ಗಿರಣಿಯ ಸಂಬಳದಿಂದ ನಿವೇಶನ ಕೊಂಡು, ಬೋನಸ್ಸಿನಿಂದ ಗೋಡೆಯೆಬ್ಬಿಸಿ, ಭವಿಷ್ಯನಿಧಿಯಿಂದ ತಾರಸಿ ಹಾಕಿಸಿದ ಸಂಸಾರಗಳಿಗೆ ಈ ಎರಡು ಊರುಗಳಲ್ಲಿ ಕೊರತೆಯಿರಲಿಲ್ಲ. ಆಮೇಲೆ ಹಳೆಯ ಗಿರಣಿಗಳ ಹೊಗೆಕೊಳವೆಗಳು ಒಂದೊಂದಾಗಿ ತಣ್ಣಗಾದವು. ಹರಿಹರದ ಕಾರ್ಖಾನೆಯೂ ಮುಚ್ಚಿತು. ಮಕ್ಕಳು ಬೆಂಗಳೂರಿಗೂ ಪುಣೆಗೂ ಹೊರಟುಹೋದರು. ಹಜಾರದಲ್ಲಿ ತಂದೆಯ ಭಾವಚಿತ್ರ, ಹಿತ್ತಲಲ್ಲಿ ತೆಂಗಿನ ಮರ, ತಲೆಬಾಗಿಲಿಗೆ ಬೀಗ: ಸದ್ದಿಲ್ಲದೆ ಮಾರಾಟಕ್ಕೆ ಬರುವ ಮನೆಗಳಲ್ಲಿ ಇಂಥವೇ ಹೆಚ್ಚು.

ಇಂಥ ಮನೆಯ ಸುದ್ದಿ ಮೊದಲು ತಿಳಿಯುವುದು ದಲ್ಲಾಳಿಗಲ್ಲ. ಬೀಗದ ಮನೆಯ ಮುಂದೆ ಹಾಲಿನ ವರ್ತನೆ ನಿಂತುದು ಹಾಲಿನವನಿಗೆ ಗೊತ್ತು. ಗೋಡೆಗೆ ಸುಣ್ಣ ಬಳಿಸುವ ಮಾತು ಏಕೆ ಮುಂದಕ್ಕೆ ಹೋಯಿತೆಂಬುದು ಗಾರೆಯವನಿಗೆ ಗೊತ್ತು. ಸಬ್‌ರಿಜಿಸ್ಟ್ರಾರ್ ಕಚೇರಿಯ ಬಳಿ ಕುಳಿತ ದಸ್ತಾವೇಜು ಬರಹಗಾರನಿಗೆ ಯಾರು ಹಳೆಯ ಪತ್ರದ ನಕಲು ಕೇಳಿ ಬಂದಿದ್ದರೆಂಬುದು ಗೊತ್ತು. ಸಂಜೆಯ ಮಂಡಕ್ಕಿ ಮಿರ್ಚಿಯ ಅಂಗಡಿಯಲ್ಲಿ ಇವೆಲ್ಲ ಒಂದುಗೂಡಿ ಸುದ್ದಿಯಾಗುತ್ತದೆ. ಮನೆ ಹುಡುಕುವವರು ತಮಗೆ ಬೇಕಾದ ಬೀದಿಗಳಲ್ಲಿ ನಾಲ್ಕು ಸಂಜೆ ಕಾಲ್ನಡಿಗೆಯಲ್ಲಿ ಸುತ್ತಿ, ಇಂಥವರೊಡನೆ ಎರಡು ಮಾತನಾಡಿ, ಒಡೆಯರಿಗೆ ವಿನಯದಿಂದ ಒಂದು ಪತ್ರ ಬರೆದರೆ, ಜಾಹೀರಾತಿನಲ್ಲಿ ಎಂದೂ ಕಾಣದ ಮನೆಯೊಂದು ದೊರೆಯುವುದು ಅಸಾಧ್ಯವೇನಲ್ಲ. ದಲ್ಲಾಳಿಯ ದಸ್ತೂರಿಯೂ ಉಳಿಯುತ್ತದೆ. ಇಷ್ಟು ಲಾಭದ ಮಾತು. ಇದರ ಬೆನ್ನಿಗೇ ನಷ್ಟದ ಮಾತೂ ಇದೆ. ಅದನ್ನು ಒಂದು ಸಂಸಾರದ ಉದಾಹರಣೆಯಿಂದ ನೋಡಬಹುದು.

ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿರುವ ಒಬ್ಬ ಗೃಹಸ್ಥರನ್ನು ಕಲ್ಪಿಸಿಕೊಳ್ಳಿ. ಪತ್ನಿ, ಇಬ್ಬರು ಮಕ್ಕಳು, ಹನ್ನೆರಡು ವರ್ಷಗಳಿಂದ ಬಾಡಿಗೆಯ ಮನೆ. ಕೈಯಲ್ಲಿ ಸ್ವಲ್ಪ ಉಳಿತಾಯ, ಬ್ಯಾಂಕಿನಿಂದ ಸಾಲ ದೊರೆಯುವ ಭರವಸೆ. ಮೊದಲು ಅವರ ಕಣ್ಣು ಹೋದುದು ಕೆಲಸದ ಸ್ಥಳದ ಸುತ್ತಮುತ್ತಲಿಗೆ. ಕೈಗಾರಿಕಾ ಪ್ರದೇಶದ ಒಳಗೆ ವಾಸದ ಮನೆಯ ಆಸೆ ಸಲ್ಲದು. ಅಲ್ಲಿಯ ನಿವೇಶನಗಳು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಉದ್ಯಮಕ್ಕೆಂದು ಹಂಚಿದವು. ಅದರ ಆಚೆಗೆ, ಊರಿನ ಅಂಚಿನಲ್ಲಿ, “ಗುರುತಿನವರದು, ಹೊರಗೆ ಹೇಳಿಲ್ಲ” ಎಂಬ ಮಾತಿನೊಡನೆ ಒಂದೆರಡು ಮನೆಗಳನ್ನು ತೋರಿಸಿದವರಿದ್ದರು. ಬೆಲೆ ಬಹಳ ಅಗ್ಗ. ಕಾಗದ ಕೇಳಿದರೆ ಕೈಗೆ ಬಂದುದು ಒಂದು ಅಧಿಕಾರಪತ್ರ ಮತ್ತು ಒಂದು ಕರಾರುಪತ್ರ, ಅಷ್ಟೇ.

ಇಲ್ಲಿ ಎರಡು ಸಂಗತಿಗಳನ್ನು ವಾಚಕರು ನೆನಪಿನಲ್ಲಿಡಬೇಕು. ಬೇಸಾಯದ ಭೂಮಿಯ ಮೇಲೆ ವಾಸದ ಮನೆ ಎದ್ದಿದ್ದರೆ, 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ಆ ಭೂಮಿ ಪರಿವರ್ತನೆಯಾಗಿರಬೇಕು. ಬಡಾವಣೆಯ ನಕ್ಷೆಗೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಇರಬೇಕು. ಎರಡನೆಯದಾಗಿ, ಬರಿಯ ಅಧಿಕಾರಪತ್ರದಿಂದ ಮನೆಯ ಒಡೆತನ ಬಾರದು. 2011ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ನೋಂದಾಯಿತ ಕ್ರಯಪತ್ರದ ಹೊರತು ಸ್ಥಿರಸ್ವತ್ತಿನ ಮಾರಾಟ ಪೂರ್ಣವಾಗದು. ಗೃಹಸ್ಥರು ಇಷ್ಟು ತಿಳಿದವರು. ಆ ಮನೆಗಳನ್ನು ಬಿಟ್ಟು ಊರೊಳಗೆ ಬಂದರು.

ಒಂದು ದಿನ ಪಾಳಿ ಮುಗಿದ ಮೇಲೆ ಚಹಾದ ಅಂಗಡಿಯಲ್ಲಿ ಸಹೋದ್ಯೋಗಿಯೊಬ್ಬರು ಧ್ವನಿ ತಗ್ಗಿಸಿ ಹೇಳಿದರು:

“ವಿನೋಬನಗರದಲ್ಲಿ ಒಂದು ಮನೆಯಿದೆ. ಗಿರಣಿಯಲ್ಲಿದ್ದ ಹಿರಿಯರು ಕಟ್ಟಿಸಿದ್ದು. ಅವರು ತೀರಿಕೊಂಡು ಆರು ವರ್ಷವಾಯಿತು. ಮಕ್ಕಳು ಕೊಡುವ ಯೋಚನೆಯಲ್ಲಿದ್ದಾರೆ. ಆದರೆ ಯಾರಿಗೂ ಹೇಳಬೇಡಿ.”

ಭಾನುವಾರ ದಂಪತಿಗಳು ಮನೆ ನೋಡಿದರು. ಗಾಳಿ ಬೆಳಕಿನ ಮನೆ. ಹಿತ್ತಲಲ್ಲಿ ಬಾವಿ, ಮುಂದೆ ಪಾರಿಜಾತ. ಹೊರಕೋಣೆಯೊಂದರಲ್ಲಿ ಬಾಡಿಗೆಗಿದ್ದ ಒಬ್ಬ ಶಿಕ್ಷಕರು. ಬೆಂಗಳೂರಿನಿಂದ ಬಂದಿದ್ದ ಹಿರಿಯ ಮಗ ಸೌಜನ್ಯದ ಮನುಷ್ಯ. “ಬೋರ್ಡು ಹಾಕುವುದಿಲ್ಲ, ಪೇಪರಿಗೂ ಕೊಡುವುದಿಲ್ಲ. ನೆಂಟರಿಷ್ಟರ ಬಾಯಿಗೆ ಬೀಳುವುದು ಬೇಡ. ಅದಕ್ಕೇ ಬೆಲೆಯನ್ನೂ ಸ್ವಲ್ಪ ಇಳಿಸಿದ್ದೇವೆ. ಮೂರು ದಿನದಲ್ಲಿ ಸಂಚಕಾರ ಕೊಟ್ಟರೆ ಮನೆ ನಿಮ್ಮದು” ಎಂದನು. ಗೃಹಸ್ಥರ ಮನಸ್ಸು ಆಗಲೇ ಪಾರಿಜಾತದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟಿತ್ತು.

ಈ ಘಟ್ಟದಲ್ಲಿಯೇ ಕೊಳ್ಳುವವನು ಒಂದು ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಬೇಕು: ಈ ಮೌನ ಯಾವ ಬಗೆಯದು? ಮಾರಾಟದ ಮೌನದಲ್ಲಿ ಮೂರು ಬಗೆಗಳುಂಟು. ಒಂದು, ಮಾನದ ಮೌನ. ಸಾಲವೋ ಮಗಳ ಮದುವೆಯೋ ಒತ್ತಿದಾಗ ಮನೆತನದ ಇಕ್ಕಟ್ಟು ಬೀದಿಗೆ ಬೀಳದಿರಲೆಂಬ ಆಸೆ, ಇದರಲ್ಲಿ ತಪ್ಪಿಲ್ಲ. ಎರಡು, ಅನುಕೂಲದ ಮೌನ. ನೂರು ಜನ ಬಂದು ಅಡಿಗೆಮನೆಯವರೆಗೆ ಇಣುಕುವುದು ಬೇಡ, ಗೊತ್ತಿದ್ದ ಒಬ್ಬರಿಗೆ ಕೊಟ್ಟು ಮುಗಿಸೋಣ ಎಂಬ ಎಣಿಕೆ, ಇದರಲ್ಲಿಯೂ ತಪ್ಪಿಲ್ಲ. ಮೂರನೆಯದು ಮರೆಮಾಚುವ ಮೌನ. ತಿಳಿಯಬೇಕಾದವರಿಗೆ ತಿಳಿಯದಿರಲೆಂಬ ಮೌನ. ಹೊರಗಿನಿಂದ ಮೂರೂ ಒಂದೇ ರೀತಿ ಕಾಣುತ್ತವೆ. ಮೂರರಲ್ಲಿಯೂ ಬೆಲೆ ಸ್ವಲ್ಪ ಇಳಿದಿರಬಹುದು. ಮೊದಲಿನ ಎರಡರಲ್ಲಿ ಆ ಇಳಿತವು ಕೊಳ್ಳುವವನ ಭಾಗ್ಯ. ಮೂರನೆಯದರಲ್ಲಿ ಅದು ಮತ್ತೊಬ್ಬರ ಕೈಯಿಂದ ಕಿತ್ತುಕೊಂಡದ್ದು, ಮುಂದೊಂದು ದಿನ ಅವನೇ ತೆರಬೇಕಾದದ್ದು.

ಅದೃಷ್ಟವಶಾತ್ ಮನೆಯ ಒಡೆಯರು ಮೌನವಾಗಿದ್ದರೂ ಸರಕಾರದ ಪುಸ್ತಕ ಮೌನವಾಗಿರುವುದಿಲ್ಲ. 1908ರ ನೋಂದಣಿ ಕಾಯಿದೆಯಂತೆ ಸ್ಥಿರಸ್ವತ್ತಿನ ದಸ್ತಾವೇಜುಗಳು ದಾಖಲಾಗುವುದು ‘ಒಂದನೆಯ ಪುಸ್ತಕ’ದಲ್ಲಿ. ಅದೇ ಕಾಯಿದೆಯ 57ನೆಯ ಪ್ರಕರಣದಂತೆ, ಶುಲ್ಕ ಕೊಟ್ಟ ಯಾರೇ ಆದರೂ ಆ ಪುಸ್ತಕವನ್ನು ನೋಡಬಹುದು, ನಕಲು ಪಡೆಯಬಹುದು. ಮಾರುವವನ ಅಪ್ಪಣೆ ಬೇಡ. ಋಣಭಾರ ಪ್ರಮಾಣಪತ್ರವೆಂದು ಕೊಡುವುದು ಈ ದಾಖಲೆಗಳ ಸಾರವನ್ನೇ. ವ್ಯವಹಾರಗಳು ಕಂಡುಬಂದರೆ 15ನೆಯ ನಮೂನೆಯಲ್ಲಿಯೂ, ಏನೂ ಕಾಣದಿದ್ದರೆ 16ನೆಯ ನಮೂನೆಯಲ್ಲಿಯೂ ಅದು ದೊರೆಯುತ್ತದೆ. ಇತ್ತೀಚಿನ ವರ್ಷಗಳ ವಿವರ ‘ಕಾವೇರಿ’ ಎಂಬ ಗಣಕವ್ಯವಸ್ಥೆಯಲ್ಲಿ ಮನೆಯಲ್ಲಿ ಕುಳಿತೇ ಸಿಗುತ್ತದೆ. ಹಳೆಯ ಕೈಬರಹದ ಕಾಲದ್ದಕ್ಕೆ ಕಚೇರಿಯ ಮೆಟ್ಟಿಲು ಹತ್ತಬೇಕು. ಮೂವತ್ತು ವರ್ಷಗಳ ಸರಪಳಿಯನ್ನಾದರೂ ನೋಡುವುದು ವಕೀಲರ ರೂಢಿ.

ಬೆಲೆಯ ವಿಷಯದಲ್ಲಿಯೂ ಈ ಪುಸ್ತಕವೇ ಗುರು. ಜಾಹೀರಾತಿಲ್ಲದ ಮನೆಗೆ ಹರಾಜಿಲ್ಲ, ಪೈಪೋಟಿಯಿಲ್ಲ; ಹೇಳಿದ ಬೆಲೆ ಅಗ್ಗವೋ ದುಬಾರಿಯೋ ತಿಳಿಯುವ ಬಗೆಯೇನು? ಅದೇ ಬೀದಿಯಲ್ಲಿ ಹೋದ ಒಂದೆರಡು ವರ್ಷಗಳಲ್ಲಿ ಆದ ಕ್ರಯಪತ್ರಗಳ ನಕಲನ್ನೂ, ಸರಕಾರದ ಮಾರ್ಗಸೂಚಿ ಬೆಲೆಯನ್ನೂ ಎದುರಿಗಿಟ್ಟುಕೊಂಡರೆ ಅಂದಾಜು ಸಿಗುತ್ತದೆ. ಪತ್ರದಲ್ಲಿ ಕಡಿಮೆ ಬರೆಸಿ ಉಳಿದುದನ್ನು ಕೈಗೆ ಕೊಡಿ ಎಂಬ ಸಲಹೆ ಬಂದರೆ ಕಿವಿ ಮುಚ್ಚಿಕೊಳ್ಳುವುದು ಲೇಸು. ಸ್ಥಿರಸ್ವತ್ತಿನ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮುಂಗಡವನ್ನು ನಗದಾಗಿ ಪಡೆಯುವುದನ್ನು 2015ರ ಜೂನ್ 1ರಿಂದ ನಿಷೇಧಿಸಲಾಗಿದೆ. ಅಲ್ಲದೆ, ಲೆಕ್ಕಕ್ಕೆ ಸಿಗದ ಹಣವು ವ್ಯವಹಾರ ಮುರಿದ ದಿನ ಕೊಟ್ಟವನ ಕೈಗೂ ಸಿಗುವುದಿಲ್ಲ.

ಗೃಹಸ್ಥರು ಇವನ್ನೆಲ್ಲ ಮಾಡಿದರು. ಪ್ರಮಾಣಪತ್ರ ಶುದ್ಧವಾಗಿತ್ತು. ತಂದೆಯ ಹೆಸರಿನ ಕ್ರಯಪತ್ರದ ನಕಲು ಸಿಕ್ಕಿತು. ಮೂಲಪತ್ರವನ್ನೂ ಮಗ ತಂದು ತೋರಿಸಿದನು. ಇದನ್ನು ಕೇಳುವುದು ಅವಶ್ಯ. ಮೂಲಪತ್ರಗಳನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು ತಂದ ಸಾಲವು ಋಣಭಾರ ಪ್ರಮಾಣಪತ್ರದಲ್ಲಿ ಕಾಣದೆ ಹೋಗುವುದುಂಟು. ‘ಪತ್ರ ಊರಲ್ಲಿದೆ, ಆಮೇಲೆ ಕೊಡುತ್ತೇವೆ’ ಎಂಬ ಉತ್ತರಕ್ಕೆ ಹಣ ಕೊಡಬಾರದು. ನಗರಪಾಲಿಕೆಯ ಖಾತೆ ಇಬ್ಬರು ಗಂಡುಮಕ್ಕಳ ಹೆಸರಿಗೆ ಬದಲಾಗಿತ್ತು, ತೆರಿಗೆಯೂ ಸಂದಿತ್ತು. ಇನ್ನೇನು ಬೇಕು? ಗೃಹಸ್ಥರು ಚೆಕ್ಕು ಬರೆಯಲು ಕುಳಿತರು.

ಆಗ ಪತ್ನಿ ಕೇಳಿದಳು: “ಗೋಡೆಯ ಮೇಲಿನ ಆ ಹಳೆಯ ಚಿತ್ರದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಇದ್ದಳಲ್ಲ, ಅವಳೆಲ್ಲಿ?”

ಗೃಹಸ್ಥರು ಆ ಚಿತ್ರವನ್ನು ನೋಡಿಯೇ ಇರಲಿಲ್ಲ. ಮರುದಿನ ಹೊರಕೋಣೆಯ ಶಿಕ್ಷಕರನ್ನು ವಿಚಾರಿಸಿದರು. ಬಾಡಿಗೆದಾರರನ್ನು ಮಾತನಾಡಿಸುವುದು ಬರಿಯ ಲೋಕಾಭಿರಾಮವಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ, ಸ್ವತ್ತಿನಲ್ಲಿ ವಾಸ್ತವವಾಗಿ ಇರುವವರ ಹಕ್ಕು ಕೊಳ್ಳುವವನಿಗೆ ತಿಳಿದೇ ಇತ್ತೆಂದು ಭಾವಿಸಲಾಗುತ್ತದೆ. ಕೇಳದೆ ಹೋದವನು ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಶಿಕ್ಷಕರು ತಮ್ಮ ಬಾಡಿಗೆಯ ಕರಾರನ್ನು ತೋರಿಸಿದರು, ಬಳಿಕ ಸಹಜವಾಗಿ ಹೇಳಿದರು: “ಮಗಳು ರಾಣೆಬೆನ್ನೂರಿನಲ್ಲಿದ್ದಾಳೆ. ತಾಯಿಯೂ ಈಗ ಅಲ್ಲಿಯೇ. ದೀಪಾವಳಿಗೆ ಇಬ್ಬರೂ ಬಂದಿದ್ದರು. ಮನೆ ಮಾರುವ ಮಾತನ್ನೇನೂ ಆಡಲಿಲ್ಲವಲ್ಲ!”

ಒಂದನೆಯ ಪುಸ್ತಕ ಹೇಳದೆ ಬಿಟ್ಟುದು ಇದನ್ನೇ. ನಮ್ಮ ದೇಶದಲ್ಲಿ ನೋಂದಣಿಯಾಗುವುದು ದಸ್ತಾವೇಜು, ಒಡೆತನವಲ್ಲ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯದಲ್ಲಿ ರಾಬರ್ಟ್ ಟಾರೆನ್ಸ್ ಎಂಬವರು ತಂದ ಪದ್ಧತಿಯಲ್ಲಿ ಸರಕಾರದ ಪುಸ್ತಕದಲ್ಲಿ ಹೆಸರಿದ್ದವನೇ ಒಡೆಯ. ಅದಕ್ಕೆ ಸರಕಾರವೇ ಹೊಣೆ. ಇಲ್ಲಿ ಹಾಗಿಲ್ಲ. ಬರೆದು ತಂದ ಪತ್ರವನ್ನು ಅಧಿಕಾರಿ ದಾಖಲಿಸುತ್ತಾನೆ; ಬರೆದುಕೊಟ್ಟವನಿಗೆ ಪೂರ್ತಿ ಹಕ್ಕಿತ್ತೆಂದು ಭರವಸೆ ಕೊಡುವುದಿಲ್ಲ. ಖಾತೆಯೂ ತೆರಿಗೆಯ ಲೆಕ್ಕಕ್ಕೆಂದು ಇರುವುದೇ ಹೊರತು ಒಡೆತನದ ಪತ್ರವಲ್ಲ. ಯಾರ ಮರಣದಿಂದ ಯಾರಿಗೆ ಎಷ್ಟು ಪಾಲು ಬಂತು ಎಂಬುದು ಯಾವ ಪುಸ್ತಕದಲ್ಲಿಯೂ ತಾನಾಗಿ ಬರೆಯಲ್ಪಡುವುದಿಲ್ಲ. ಅದನ್ನು ಸಂಸಾರದ ಒಳಗಿನಿಂದಲೇ ತಿಳಿಯಬೇಕು.

ಲೆಕ್ಕ ಸರಳವಾದದ್ದು. ತಂದೆ ಸ್ವಂತ ದುಡಿಮೆಯಿಂದ ಕೊಂಡು ಕಟ್ಟಿಸಿದ ಮನೆ. ಉಯಿಲು ಬರೆಯದೆ ತೀರಿಕೊಂಡರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ವಿಧವೆ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಮೊದಲನೆಯ ವರ್ಗದ ವಾರಸುದಾರರು. ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು: ನಾಲ್ಕು ಸಮಪಾಲು. ಮಗಳಿಗೆ ಮದುವೆಯಾಗಿದೆ, ವರದಕ್ಷಿಣೆ ಕೊಟ್ಟಾಗಿದೆ, ಬಾಗಿನ ಕಳಿಸುತ್ತಿದ್ದೇವೆ ಎಂಬ ಮಾತುಗಳಿಂದ ಆ ಪಾಲು ಕರಗುವುದಿಲ್ಲ. ಪಿತ್ರಾರ್ಜಿತ ಸ್ವತ್ತಾಗಿದ್ದರೂ ಹಾಗೆಯೇ. 2005ರ ತಿದ್ದುಪಡಿಯಿಂದ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿದ್ದಿರಬೇಕಾಗಿಲ್ಲವೆಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಮುಸಲ್ಮಾನರಿಗೂ ಕ್ರೈಸ್ತರಿಗೂ ಬೇರೆ ನಿಯಮಗಳುಂಟು. ಅಲ್ಲಿಯೂ ಮಗಳು ಬರಿಗೈಯವಳಲ್ಲ. ವಾರಸುದಾರರಲ್ಲಿ ಅಪ್ರಾಪ್ತ ವಯಸ್ಸಿನ ಮಗುವಿದ್ದರೆ ಇನ್ನೂ ಎಚ್ಚರಿಕೆ ಬೇಕು. ಅದರ ಪ್ರತ್ಯೇಕ ಸ್ಥಿರಸ್ವತ್ತನ್ನು ನ್ಯಾಯಾಲಯದ ಅನುಮತಿಯಿಲ್ಲದೆ ತಂದೆತಾಯಿಗಳೂ ಮಾರುವಂತಿಲ್ಲ.

ಅಣ್ಣತಮ್ಮಂದಿರಿಬ್ಬರೇ ಸಹಿ ಹಾಕಿ ಮಾರಿದ್ದರೆ ಗೃಹಸ್ಥರಿಗೆ ದೊರೆಯುತ್ತಿದ್ದುದು ಪೂರ್ತಿ ಮನೆಯಲ್ಲ, ಅರ್ಧ ಮನೆ. ಅದೂ ಯಾವ ಅರ್ಧವೆಂದು ಗೆರೆ ಎಳೆಯಲಾಗದ ಅರ್ಧ. ಒಂದು ಕುಟುಂಬದ ವಾಸದ ಮನೆಯಲ್ಲಿ ಪಾಲನ್ನು ಕೊಂಡ ಹೊರಗಿನವನಿಗೆ ಅಲ್ಲಿ ಜಂಟಿಯಾಗಿ ವಾಸಿಸುವ ಹಕ್ಕಿಲ್ಲವೆಂದು ಸ್ವತ್ತು ವರ್ಗಾವಣೆ ಕಾಯಿದೆಯ 44ನೆಯ ಪ್ರಕರಣ ಹೇಳುತ್ತದೆ. ಮಗಳು ವಿಭಾಗದ ದಾವೆ ಹೂಡಿದ್ದರೆ, ಬ್ಯಾಂಕಿನ ಕಂತು ಒಂದು ಕಡೆ, ವಕೀಲರ ಶುಲ್ಕ ಇನ್ನೊಂದು ಕಡೆ, ನಡುವೆ ಬಾಡಿಗೆಯ ಮನೆ. ಸಹಿ ಹಾಕಿದ ಮಕ್ಕಳು ಬೆಂಗಳೂರಿನಲ್ಲಿ ಹಣ ಪಡೆದು ಕುಳಿತಿರುತ್ತಿದ್ದರು.

ಅಂದಿನ ಮಾತುಕತೆಯಲ್ಲಿ ಗೃಹಸ್ಥರು ಮೊದಲು ತಾಳ್ಮೆಗೆಟ್ಟರು. “ಅವರ ಮನೆಯ ಜಗಳಕ್ಕೆ ನಾವೇಕೆ ತಲೆಯೊಡ್ಡಬೇಕು? ಬೇರೆ ಮನೆ ನೋಡೋಣ” ಎಂದರು. ಪತ್ನಿ ಒಪ್ಪಲಿಲ್ಲ. “ಜಗಳವಿದೆಯೆಂದು ಯಾರು ಹೇಳಿದರು? ಕೇಳಿಯೇ ನೋಡಿಲ್ಲವಲ್ಲ. ಬಿಟ್ಟು ಬಂದರೆ ನಾವು ಉಳಿದೆವು. ಆ ಹೆಣ್ಣುಮಗಳು ಉಳಿಯುವಳೇ? ನಾಳೆ ಮತ್ತೊಬ್ಬರು ಬಂದು ಚೆಕ್ಕು ಬರೆಯುತ್ತಾರೆ” ಎಂದಳು.

ಮುಂದಿನ ಭಾನುವಾರ, ಹಿರಿಯ ಮಗನಿಗೆ ತಿಳಿಸಿಯೇ, ಅವರು ಹರಿಹರದ ಮೇಲೆ ಹಾದು, ತುಂಗಭದ್ರೆಯ ಸೇತುವೆ ದಾಟಿ ರಾಣೆಬೆನ್ನೂರಿಗೆ ಹೋದರು. ದಾರಿಯಲ್ಲಿ ಹರಿಹರೇಶ್ವರನ ದರ್ಶನವಾಯಿತು. ಹೊಯ್ಸಳರ ಕಾಲದ, 13ನೆಯ ಶತಮಾನದ ಆ ದೇವಾಲಯದಲ್ಲಿ ಶಾಸನಗಳು ಅನೇಕ. ಭೂಮಿಯನ್ನು ಯಾರು ಯಾರಿಗೆ ಕೊಟ್ಟರು, ಅದರ ಎಲ್ಲೆಗಳೇನು ಎಂಬುದನ್ನು ಹಿಂದಿನವರು ಹೀಗೆ ಕಲ್ಲಿನಲ್ಲಿ ಕೊರೆದು, ಬರುವವರು ಹೋಗುವವರು ಕಾಣುವ ಕಡೆ ನಿಲ್ಲಿಸುತ್ತಿದ್ದರು. ನೆಲ ಕೈ ಬದಲಾಯಿಸಿದುದು ನಾಲ್ಕು ಜನರಿಗೆ ತಿಳಿದಿರಬೇಕೆಂಬ ವಿವೇಕ ಅದರಲ್ಲಿತ್ತು.

ಮಗಳು ಕಾಫಿ ಕೊಟ್ಟಳು. ವಿಷಯ ಕೇಳಿ ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ತಾಯಿಯ ಕಡೆ ನೋಡಿ ಹೇಳಿದಳು: “ಮಾರಬೇಡಿರೆಂದು ನಾನೇನೂ ಹೇಳುತ್ತಿರಲಿಲ್ಲ. ಮಕ್ಕಳ ಓದಿಗೆ ನನಗೂ ಹಣ ಬೇಕು. ಅಪ್ಪ ಗಿರಣಿಯಿಂದ ಬಂದು ಆ ಪಾರಿಜಾತಕ್ಕೆ ನೀರು ಹಾಕುತ್ತಿದ್ದರು. ಒಂದು ಮಾತು ಕೇಳಬಹುದಿತ್ತು.”

ಮುಂದಿನ ಕೆಲಸ ವಕೀಲರದು. ಇಂಥ ಸಂದರ್ಭದಲ್ಲಿ ಎರಡು ಮಾರ್ಗಗಳುಂಟು. ಪಾಲುದಾರರೆಲ್ಲರೂ ಒಟ್ಟಾಗಿ ಮಾರುವವರಾಗಿ ಕ್ರಯಪತ್ರಕ್ಕೆ ಸಹಿ ಹಾಕಬಹುದು. ಇಲ್ಲವೆ ಪಾಲು ಬೇಡವೆನ್ನುವವರು ಮೊದಲೇ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಬರೆದುಕೊಡಬಹುದು. ಬಿಳಿಯ ಹಾಳೆಯ ಮೇಲೆ ‘ನನ್ನ ಒಪ್ಪಿಗೆಯಿದೆ’ ಎಂದು ಬರೆದ ಚೀಟಿ ಸಾಲದು. ಮೊದಲನೆಯ ಮಾರ್ಗವೇ ಉತ್ತಮ. ಏಕೆಂದರೆ ಅವರವರ ಪಾಲಿನ ಹಣ ಅವರವರ ಖಾತೆಗೆ ನೇರವಾಗಿ ಸಂದಾಯವಾಗುತ್ತದೆ. ಇದರ ಜೊತೆಗೆ ಸ್ಥಳೀಯ ನ್ಯಾಯಾಲಯದಲ್ಲಿ ಆ ಸ್ವತ್ತಿನ ಮೇಲೆ ದಾವೆ ನಡೆಯುತ್ತಿದೆಯೇ ಎಂದು ವಿಚಾರಿಸಬೇಕು. ನಡೆಯುತ್ತಿರುವ ದಾವೆಯ ಫಲ ಕೊಂಡವನನ್ನೂ ಬಿಡದು.

ಕಟ್ಟಕಡೆಗೆ ಒಂದು ಪ್ರಕಟಣೆ. “ಈ ಚಕ್ಕುಬಂದಿಯ ಮನೆಯನ್ನು ನಮ್ಮ ಕಕ್ಷಿದಾರರು ಕೊಳ್ಳಲಿದ್ದಾರೆ, ತಕರಾರುಳ್ಳವರು ಇಷ್ಟು ದಿನಗಳೊಳಗೆ ತಿಳಿಸಬೇಕು” ಎಂದು ಸ್ಥಳೀಯ ಪತ್ರಿಕೆಯಲ್ಲಿ ವಕೀಲರ ಮೂಲಕ ಹಾಕಿಸುವ ನಾಲ್ಕು ಸಾಲು. ಕಾನೂನಿನ ಕಡ್ಡಾಯ ಇದಕ್ಕಿಲ್ಲ. ಇದರಿಂದ ದೂರದಲ್ಲಿರುವವರ ಹಕ್ಕು ಅಳಿಯುವುದೂ ಇಲ್ಲ. ಆದರೆ ಕೊಳ್ಳುವವನು ಕಣ್ಣು ತೆರೆದು, ಶುದ್ಧ ಮನಸ್ಸಿನಿಂದ ನಡೆದುಕೊಂಡನೆಂಬುದಕ್ಕೆ ಅದೊಂದು ಸಾಕ್ಷಿ. ಅಡಗಿದ್ದ ತಕರಾರೊಂದು ಹಣ ಕೊಡುವ ಮುನ್ನವೇ ಹೊರಬೀಳಲು ಅದೊಂದು ಅವಕಾಶ. ಜಾಹೀರಾತಿಲ್ಲದೆ ಮಾರಾಟಕ್ಕೆ ಬಂದ ಮನೆಗೆ ಹೀಗೆ ಜಾಹೀರಾತು ಕೊಡಬೇಕಾದವನು ಕೊಳ್ಳುವವನೇ. ಮಾನದ ಮೌನದವರೂ ಅನುಕೂಲದ ಮೌನದವರೂ ಇದಕ್ಕೆ ಸ್ವಲ್ಪ ಮುಖ ಸಣ್ಣದು ಮಾಡಿಕೊಂಡಾರು, ಒಪ್ಪಿಯಾರು. ಮರೆಮಾಚುವವರು ಮಾತ್ರ ಒಪ್ಪಲಾರರು. ಮೂರು ದಿನದ ಗಡುವು ಹಾಕಿದವನಿಗೆ “ಪ್ರಕಟಣೆಯಾದ ಮೇಲೆ ಸಂಚಕಾರ” ಎಂದು ಹೇಳಿ ನೋಡಿದರೆ, ಮೌನ ಯಾವ ಬಗೆಯದೆಂಬುದು ಆ ಗಳಿಗೆಯಲ್ಲಿಯೇ ಗೊತ್ತಾಗುತ್ತದೆ.

ನೋಂದಣಿಯ ದಿನ ನಾಲ್ವರೂ ಬಂದರು. ಅಣ್ಣನಿಗೂ ತಂಗಿಗೂ ಮೊದಮೊದಲು ಮಾತಿರಲಿಲ್ಲ. ಹೆಬ್ಬೆರಳಿನ ಗುರುತು ಕೊಡಲು ತಾಯಿ ಏಳುವಾಗ ಇಬ್ಬರೂ ಒಂದೊಂದು ತೋಳು ಹಿಡಿದರು. ಮನೆಗೆ ಕೊಟ್ಟ ಬೆಲೆ ಮೊದಲು ಹೇಳಿದ್ದಕ್ಕಿಂತ ತುಸು ಹೆಚ್ಚೇ ಆಗಿತ್ತು. ತಾಯಿಗೂ ಮಗಳಿಗೂ ಪಾಲು ಬಂದಾಗ, ಅವಸರಕ್ಕೆಂದು ಇಳಿಸಿದ್ದ ಬೆಲೆ ನ್ಯಾಯದ ಬೆಲೆಗೆ ಏರಿತ್ತು. ಗೃಹಸ್ಥರು ಅದನ್ನು ಚೌಕಾಶಿ ಮಾಡಲಿಲ್ಲ.

ಗೃಹಪ್ರವೇಶದ ಕರೆಯೋಲೆ ರಾಣೆಬೆನ್ನೂರಿಗೂ ಹೋಯಿತು. ಮಗಳು ಬಂದವಳು ಹೋಗುವಾಗ ಪಾರಿಜಾತದ ಒಂದು ಸಸಿಯನ್ನು ಕೇಳಿ ಪಡೆದುಕೊಂಡು ಹೋದಳು.